ಕ್ಲೋರಿನ್ ಹೋದರೂ ಚೇತರಿಸದ ಕುಂಡಗಳು: ಬೆಂಗಳೂರಿನ ಒಂದು ತಾರಸಿ ತೋಟದ ಪ್ರಕರಣ

2024ರ ಬೇಸಿಗೆಯಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವವನ್ನು ಎದುರಿಸಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಮತ್ತು ಕಟ್ಟಡ ನಿರ್ಮಾಣಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅದುವರೆಗೆ ಕಾವೇರಿ ನೀರನ್ನೇ ನಂಬಿಕೊಂಡಿದ್ದ ತಾರಸಿ ತೋಟಗಳು ಕೊಳವೆಬಾವಿ, ಟ್ಯಾಂಕರ್, ಸಂಸ್ಕರಿಸಿದ ನೀರು, ಆರ್‌ಓ ಯಂತ್ರದಿಂದ ಹೊರಬರುವ ನೀರು ಇವುಗಳಲ್ಲಿ ಯಾವುದು ಸಿಕ್ಕೀತೋ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಇಲ್ಲಿ ವಿವರಿಸುತ್ತಿರುವುದು ಅಂತಹ ಒಂದು ತೋಟದ ಪ್ರಕರಣ. ನಗರದ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಗ್ರೋ ಬ್ಯಾಗ್‌ಗಳಲ್ಲಿ ಬೆಳೆದ ಅಲಸಂದೆ, ಬೀನ್ಸ್, ಮೆಣಸಿನಕಾಯಿ, ಟೊಮೆಟೊ, ಕರಿಬೇವು ಮತ್ತು ಸೊಪ್ಪುಗಳು ಅಲ್ಲಿದ್ದವು. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರವನ್ನು ಸಮಪಾಲಿನಲ್ಲಿ ಬೆರೆಸಿದ ಮಿಶ್ರಣ ಪ್ರತಿಯೊಂದು ಚೀಲದಲ್ಲಿಯೂ ಇತ್ತು. ರಾಸಾಯನಿಕ ಗೊಬ್ಬರವನ್ನು ಒಮ್ಮೆಯೂ ಮುಟ್ಟದೆ, ಜೀವಾಮೃತ ಮತ್ತು ಟ್ರೈಕೋಡರ್ಮ, ಸ್ಯೂಡೋಮೊನಾಸ್‌ಗಳಂತಹ ಉಪಕಾರಿ ಸೂಕ್ಷ್ಮಜೀವಿಗಳ ಪುಡಿಗಳಿಂದಲೇ ಆ ಮನೆಯಾಕೆ ಹಲವು ವರ್ಷಗಳಿಂದ ಆ ತೋಟವನ್ನು ಪೋಷಿಸಿಕೊಂಡು ಬಂದಿದ್ದರು.

ಏಪ್ರಿಲ್ ಹೊತ್ತಿಗೆ ತೋಟ ಸೊರಗತೊಡಗಿತು. ಅಲಸಂದೆ ಮತ್ತು ಬೀನ್ಸ್ ಗಿಡಗಳ ಎಲೆಯಂಚು ಸುಟ್ಟಂತೆ ಒಣಗಿತು. ಮೆಣಸಿನ ಗಿಡದ ಹೊಸ ಎಲೆಗಳು ಹಳದಿಯಾದವು, ಆದರೆ ನರಗಳು ಮಾತ್ರ ಹಸಿರಾಗಿಯೇ ಉಳಿದಿದ್ದವು. ಮಣ್ಣಿನ ಮೇಲ್ಮೈಯಲ್ಲಿ ತೆಳುವಾದ ಹೆಪ್ಪು ಕಟ್ಟಿ, ಹಾಕಿದ ನೀರು ಕೆಳಗಿಳಿಯದೆ ಬಹಳ ಹೊತ್ತು ಮೇಲೆಯೇ ನಿಲ್ಲುತ್ತಿತ್ತು. ಅದೇ ದಿನಗಳಲ್ಲಿ ನಲ್ಲಿ ನೀರಿನಿಂದ ಕ್ಲೋರಿನ್ ವಾಸನೆ ಬರತೊಡಗಿದ್ದರಿಂದ, ಕ್ಲೋರಿನ್‌ನಿಂದಾಗಿ ಸೂಕ್ಷ್ಮಜೀವಿಗಳು ನಾಶವಾಗಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಕ್ಲೋರಿನ್ ತೆಗೆಯಲೆಂದು ತಾರಸಿಯ ನಲ್ಲಿಗೆ ಸಕ್ರಿಯ ಇದ್ದಿಲಿನ ಫಿಲ್ಟರ್ ಅಳವಡಿಸಿದರು. ವಾರಗಳು ಕಳೆದರೂ ಗಿಡಗಳು ಚೇತರಿಸಿಕೊಳ್ಳಲಿಲ್ಲ. “ಮಣ್ಣೇ ಸತ್ತುಹೋಗಿದೆ ಸರ್, ಫಿಲ್ಟರ್ ಹಾಕೋದು ತಡವಾಯ್ತು ಅನ್ಸುತ್ತೆ” ಎಂದು ಅವರು ಹೇಳಿದಾಗ ಆ ತೋಟವನ್ನು ನೋಡುವ ಅವಕಾಶ ನನಗೆ ದೊರೆಯಿತು.

ನೀರು ಬರುವ ದಾರಿ

ಕುಂಡದ ಮಣ್ಣನ್ನು ಕೆದಕುವ ಮೊದಲು ನೀರು ತಾರಸಿಯವರೆಗೆ ಯಾವ ದಾರಿಯಲ್ಲಿ ಬರುತ್ತದೆಂಬುದನ್ನು ನೋಡಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಉಳಿಯಲು ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕೆಂದು ತೋಟಗಾರರಿಗೆ ಕೊಡುವ ಸಲಹೆ ಬಹುಮಟ್ಟಿಗೆ ಬೀದಿಯ ಕೊಳವೆಯ ಒತ್ತಡದಲ್ಲಿಯೇ ನೀರು ನೇರವಾಗಿ ತೋಟದ ನಲ್ಲಿಗೆ ಬರುವ ದೇಶಗಳಿಂದ ಬಂದಿದೆ. ಅಮೆರಿಕದಲ್ಲಿ ನೀರಿನಲ್ಲಿ ಉಳಿಯಬಹುದಾದ ಕ್ಲೋರಿನ್ನಿನ ಮೇಲ್ಮಿತಿ ಲೀಟರಿಗೆ 4 ಮಿಲಿಗ್ರಾಂ. ಅಲ್ಲಿನ ಅನೇಕ ನಗರಗಳು ಕ್ಲೋರಿನ್ನಿನ ಬದಲು, ಕ್ಲೋರಿನ್ ಅಮೋನಿಯದೊಡನೆ ಕೂಡಿ ಆಗುವ ಕ್ಲೋರಮೈನ್ ಬಳಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಈ ಬದಲಾವಣೆ ಮಾಡಿಕೊಂಡಿತು. ಕ್ಲೋರಮೈನ್ ಬಕೆಟ್ಟಿನಲ್ಲಿ ರಾತ್ರಿಯಿಡೀ ನಿಲ್ಲಿಸಿದರೂ ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಅಲ್ಲಿ ಫಿಲ್ಟರಿನ ಮಾತಿಗೆ ಅರ್ಥವಿದೆ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿ ಕುಡಿಯುವ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ. ವೈರಾಣುಗಳಿಂದ ರಕ್ಷಣೆ ಬೇಕಾದಲ್ಲಿ ಈ ಕನಿಷ್ಠ ಪ್ರಮಾಣ 0.5 ಮಿಲಿಗ್ರಾಂ. ಕಾವೇರಿಯ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಸುಮಾರು ನೂರು ಕಿಲೋಮೀಟರ್ ಕ್ರಮಿಸಿ ನಗರಕ್ಕೆ ಬಂದ ಮೇಲೆಯೂ ನೇರವಾಗಿ ನಲ್ಲಿಗೆ ಬರುವುದಿಲ್ಲ. ಮೊದಲು ಸಂಪಿನಲ್ಲಿ ನಿಂತು, ಆಮೇಲೆ ಪಂಪಿನಿಂದ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಯೂ ಗಂಟೆಗಟ್ಟಲೆ ನಿಂತ ಬಳಿಕ ಕೆಳಗಿಳಿಯುತ್ತದೆ. ಸಂಪಿನ ಗೋಡೆಯ ಪಾಚಿ, ತಳದ ಕೆಸರು, ಟ್ಯಾಂಕಿನ ಬಿಸಿ ಇವೆಲ್ಲವೂ ಆ ಅಲ್ಪ ಕ್ಲೋರಿನ್ನನ್ನು ಕಬಳಿಸುತ್ತವೆ. ಬೆಂಗಳೂರಿನ ಸಾಮಾನ್ಯ ಮನೆಯ ಸಂಪು ಮತ್ತು ಟ್ಯಾಂಕು ಯಾರೂ ಹೇಳದೆಯೇ ಕ್ಲೋರಿನ್ ತೆಗೆಯುವ ಕೆಲಸವನ್ನು ಮಾಡುತ್ತಿರುತ್ತವೆ ಎಂಬುದನ್ನು ನಮ್ಮ ತೋಟಗಾರರು ಗಮನಿಸಬೇಕೆಂದು ನನ್ನ ಬಲವಾದ ಆಗ್ರಹ.

ಈ ಅಪಾರ್ಟ್‌ಮೆಂಟಿನ ಸ್ಥಿತಿ ಮಾತ್ರ ಬೇರೆಯಾಗಿತ್ತು. ಕೊಳವೆಬಾವಿಯ ನೀರೂ ಟ್ಯಾಂಕರ್ ನೀರೂ ಒಂದೇ ಸಂಪಿನಲ್ಲಿ ಸೇರುತ್ತಿದ್ದವು. ಟ್ಯಾಂಕರ್ ನೀರಿನ ಮೂಲದ ಬಗ್ಗೆ ಭರವಸೆಯಿಲ್ಲದ ಕಾರಣ ನಿವಾಸಿಗಳ ಸಂಘವು ಆಗಾಗ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಿತ್ತು; ಇದು ಆರೋಗ್ಯದ ದೃಷ್ಟಿಯಿಂದ ಸರಿಯಾದ ಕ್ರಮವೇ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ಇಪ್ಪತ್ತು ಸಾವಿರ ಲೀಟರಿನ ಸಂಪಿಗೆ 300 ಗ್ರಾಂ ಪುಡಿ ಬಿದ್ದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಕ್ಲೋರಿನ್ ಸೇರಿದಂತಾಗುತ್ತದೆ, ಅಂದರೆ 0.5 ಮಿಲಿಗ್ರಾಮಿನ ಹತ್ತು ಪಟ್ಟು. ಮನೆಯಾಕೆಗೆ ಬಂದ ವಾಸನೆ ಸುಳ್ಳಾಗಿರಲಿಲ್ಲ. ಆದರೆ ಸಂಪಿನಿಂದ ಮೇಲೇರುವ ನೀರು ಟ್ಯಾಂಕಿಗೆ ಸೇರುವ ಮುನ್ನ ಇನ್ನೊಂದು ಯಂತ್ರವನ್ನು ಹಾದುಹೋಗುತ್ತಿತ್ತು. ಗಡಸು ನೀರಿನಿಂದ ಗೀಸರ್ ಮತ್ತು ನಲ್ಲಿಗಳು ಕೆಡದಿರಲೆಂದು ಕೂರಿಸಿದ್ದ ಸಾಫ್ಟನರ್ ಅದು. ಮೊದಲು ಕಾವೇರಿ ನೀರನ್ನು ಬಳಸುತ್ತಿದ್ದಾಗ ಆ ಯಂತ್ರದ ನೀರು ತೋಟಕ್ಕೆ ಬರುತ್ತಿರಲಿಲ್ಲ. ನಿಷೇಧದ ನಂತರ ಅದೊಂದೇ ಉಳಿಯಿತು. ಹೀಗೆ ಒಂದೇ ತಿಂಗಳಲ್ಲಿ ಎರಡು ಬದಲಾವಣೆಗಳು ಆಗಿದ್ದವು. ಮೂಗಿಗೆ ತಿಳಿದದ್ದು ಅವುಗಳಲ್ಲಿ ಒಂದು ಮಾತ್ರ.

ಕ್ಲೋರಿನ್ನಿನ ಪರೀಕ್ಷೆ

ಗ್ರಾಮ ಪಂಚಾಯಿತಿಗಳಲ್ಲಿ ನೀರುಗಂಟಿಗಳು ಬಳಸುವ ಆರ್ಥೊಟಾಲಿಡಿನ್ ದ್ರಾವಣದ ಸರಳ ಕಿಟ್‌ನಿಂದಲೇ ಪರೀಕ್ಷೆ ನಡೆಯಿತು. ಕೆಲವು ಹನಿ ಬಿಟ್ಟೊಡನೆ ನೀರು ಹಳದಿಯಾದರೆ ಮುಕ್ತ ಕ್ಲೋರಿನ್ ಇದೆಯೆಂದು ಅರ್ಥ. ಬಣ್ಣ ಕೆಲವು ನಿಮಿಷಗಳ ನಂತರ ನಿಧಾನವಾಗಿ ಮೂಡಿದರೆ ಅಮೋನಿಯದೊಡನೆ ಕೂಡಿಕೊಂಡ ಕ್ಲೋರಿನ್ ಇದೆಯೆಂದು ಅರ್ಥ. ಪರೀಕ್ಷಿಸಿದ ನೀರು ವಿಷಕಾರಿಯಾದ್ದರಿಂದ ಅದನ್ನು ಕುಂಡಕ್ಕಾಗಲೀ ಪಾತ್ರೆ ತೊಳೆಯುವ ಜಾಗಕ್ಕಾಗಲೀ ಸುರಿಯಬಾರದು. ಪುಡಿ ಹಾಕಿದ ದಿನ ಸಂಪಿನ ನೀರು ಗಾಢ ಹಳದಿಗೆ ತಿರುಗಿತು. ತಾರಸಿಯ ನಲ್ಲಿಯಲ್ಲಿ ಬಣ್ಣ ತಿಳಿಯಾಗಿತ್ತು. ಇದ್ದಿಲಿನ ಫಿಲ್ಟರ್ ದಾಟಿದ ನೀರಿನಲ್ಲಿ ಬಣ್ಣವೇ ಮೂಡಲಿಲ್ಲ. ಫಿಲ್ಟರ್ ತನಗೆ ವಹಿಸಿದ ಕೆಲಸವನ್ನು ಪೂರ್ತಿಯಾಗಿ ಮಾಡುತ್ತಿತ್ತೆಂಬುದು ಇದರಿಂದ ಖಚಿತವಾಯಿತು.

ಮನೆಯಾಕೆಯ ಬಳಿ, ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣವನ್ನು ತೋರಿಸುವ ಒಂದು ಟಿಡಿಎಸ್ ಪೆನ್ ಇತ್ತು. ಫಿಲ್ಟರಿಗೆ ಮೊದಲೂ ಅನಂತರವೂ ಅದರಲ್ಲಿ ಒಂದೇ ಅಂಕಿ ಬರುತ್ತಿದ್ದರಿಂದ ಫಿಲ್ಟರ್ ಕೆಟ್ಟಿದೆಯೆಂದು ಅವರು ಶಂಕಿಸಿದ್ದರು. ಟಿಡಿಎಸ್ ಪೆನ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು; ಕೆಲವು ಮಿಲಿಗ್ರಾಂ ಕ್ಲೋರಿನ್ ಅದರ ಅರಿವಿಗೆ ಬರುವುದಿಲ್ಲ, ಇದ್ದಿಲು ಕರಗಿದ ಲವಣಗಳನ್ನು ಹಿಡಿದಿಡುವುದೂ ಇಲ್ಲ. ಅದೇ ಪೆನ್ನನ್ನು ಸಾಫ್ಟನರಿನ ಹಿಂದೆ ಮುಂದೆ ಅದ್ದಿದರೂ ಅಂಕಿ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಏಕೆಂದರೆ ಸಾಫ್ಟನರ್ ಲವಣವನ್ನು ತೆಗೆಯದೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆ, ಅಷ್ಟೆ. ತೋಟಗಾರರ ಕೈಯಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಈ ಉಪಕರಣವು ಈ ಪ್ರಕರಣದ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಲಾರದಾಗಿತ್ತು.

ಇನ್ನು ಮಣ್ಣಿನ ಮಾತು. ಒಂದು ಚೀಲದ ಮಿಶ್ರಣದಲ್ಲಿ ಕಡಿಮೆಯೆಂದರೂ ಎರಡು ಕಿಲೋಗ್ರಾಂ ಸಾವಯವ ವಸ್ತುವಿದೆಯೆಂದು ಇಟ್ಟುಕೊಳ್ಳೋಣ. 0.5 ಮಿಲಿಗ್ರಾಂ ಕ್ಲೋರಿನ್ ಇರುವ ಒಂದು ಲೀಟರ್ ನೀರನ್ನು ಅದಕ್ಕೆ ಹಾಕಿದಾಗ, ಅರ್ಧ ಮಿಲಿಗ್ರಾಂ ಕ್ಲೋರಿನ್ ಇಪ್ಪತ್ತು ಲಕ್ಷ ಮಿಲಿಗ್ರಾಂ ಸಾವಯವ ವಸ್ತುವನ್ನು ಎದುರಿಸಬೇಕಾಗುತ್ತದೆ. ಕ್ಲೋರಿನ್ ಸಿಕ್ಕಿದ ಸಾವಯವ ವಸ್ತುವಿನೊಡನೆಲ್ಲ ವರ್ತಿಸಿ ತಾನೇ ಕ್ಲೋರೈಡ್ ಆಗಿ ಮುಗಿದುಹೋಗುತ್ತದೆ. ಕ್ಲೋರೈಡ್ ಗಿಡಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶವೇ ಆಗಿದ್ದು, ಸಾಮಾನ್ಯ ನೀರಿನಲ್ಲಿ ಅದು ಇದಕ್ಕಿಂತ ಬಹಳ ಹೆಚ್ಚಾಗಿ ಮೊದಲೇ ಇರುತ್ತದೆ. ನೀರು ಮೊದಲು ತಾಗುವ ಮೇಲ್ಪದರದಲ್ಲಿ ಒಂದಷ್ಟು ಸೂಕ್ಷ್ಮಜೀವಿಗಳು ಸಾಯಬಹುದು. ಆದರೆ ಅವು ಕೆಳಗಿನ ಪದರಗಳಿಂದ ಮತ್ತೆ ವೃದ್ಧಿಯಾಗುತ್ತವೆ. ಇದನ್ನು ಕಣ್ಣಾರೆ ನೋಡಲೆಂದು, ಪುಡಿ ಹಾಕಿದ ದಿನದ ಸಂಪಿನ ನೀರನ್ನು ಆರೋಗ್ಯವಾಗಿದ್ದ ಒಂದು ಚೀಲಕ್ಕೆ ನಿಧಾನವಾಗಿ ಹಾಕಿ, ತಳದಿಂದ ಸೋರಿದ ನೀರನ್ನು ಪರೀಕ್ಷಿಸಲಾಯಿತು. ಸೋರಿದ ನೀರಿಗೆ ಸಹಜವಾಗಿಯೇ ಕಂದು ಬಣ್ಣವಿರುವುದರಿಂದ ದ್ರಾವಣ ಹಾಕಿದ ಬಟ್ಟಲನ್ನೂ ಹಾಕದ ಬಟ್ಟಲನ್ನೂ ಬಿಳಿಯ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಬೇಕು. ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಲೀಟರಿಗೆ ಹಲವು ಮಿಲಿಗ್ರಾಂ ಇದ್ದ ಕ್ಲೋರಿನ್ ಕೂಡ ಆ ಮಿಶ್ರಣವನ್ನು ದಾಟಿ ಕೆಳಗೆ ಬರಲಾಗಲಿಲ್ಲ.

ಮಣ್ಣು ನಿಜವಾಗಿ ಸತ್ತಿದೆಯೇ ಎಂಬುದನ್ನು ತಿಳಿಯಲು ಅಲಸಂದೆಯ ಬೇರಿಗಿಂತ ಅಗ್ಗದ ಪರೀಕ್ಷೆ ಇಲ್ಲ. ರೈಜೋಬಿಯಂ ಬ್ಯಾಕ್ಟೀರಿಯಾ ಬೇರಿನಲ್ಲಿ ಕಟ್ಟುವ ಗಂಟುಗಳನ್ನು ಉಗುರಿನಿಂದ ಸೀಳಿದಾಗ ಒಳಭಾಗ ತಿಳಿಗೆಂಪಾಗಿದ್ದರೆ ಅವು ಸಾರಜನಕವನ್ನು ಹಿಡಿಯುವ ಕೆಲಸದಲ್ಲಿವೆ ಎಂದು ತಿಳಿಯಬಹುದು. ಬೂದು ಅಥವಾ ಹಸಿರು ಬಣ್ಣವಿದ್ದರೆ ಕೆಲಸ ನಿಂತಿದೆ. ಸೊರಗಿದ ಚೀಲಗಳ ಬೇರುಗಳಲ್ಲಿ ಗಂಟುಗಳು ವಿರಳವಾಗಿದ್ದು, ಇದ್ದವುಗಳ ಒಳಗೂ ಬಣ್ಣವಿರಲಿಲ್ಲ. ಮಣ್ಣಿಗೆ ಹುಳಿಬಂದಂತಹ ವಾಸನೆಯಿತ್ತು. ಆದರೆ ಏಸಿಯಿಂದ ನೀರು ತೊಟ್ಟಿಕ್ಕುತ್ತಿದ್ದ ಮೂಲೆಯಲ್ಲಿ, ಜೊತೆಗೆ ಅಕ್ಕಿ ತೊಳೆದ ಕಲಗಚ್ಚನ್ನೂ ಪಡೆಯುತ್ತಿದ್ದ ಒಂದು ಚೀಲದ ಅಲಸಂದೆ ಸೊಂಪಾಗಿತ್ತು, ಗಂಟುಗಳು ತಿಳಿಗೆಂಪಾಗಿದ್ದವು. ಸೂಕ್ಷ್ಮಜೀವಿಗಳಿಗೆ ಪೆಟ್ಟು ಬಿದ್ದಿದೆಯೆಂಬ ಮನೆಯಾಕೆಯ ಗ್ರಹಿಕೆ ಸರಿಯಾಗಿತ್ತು. ಪೆಟ್ಟು ಕೊಟ್ಟದ್ದು ಕ್ಲೋರಿನ್ ಎಂಬುದು ಮಾತ್ರ ಇನ್ನೂ ಸಾಬೀತಾಗಬೇಕಿತ್ತು.

ಸೋಡಿಯಂ

ಅಪಾರ್ಟ್‌ಮೆಂಟಿನ ಕಡತದಲ್ಲಿದ್ದ ಪ್ರಯೋಗಾಲಯದ ವರದಿಯಲ್ಲಿ ಕೊಳವೆಬಾವಿ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಮಿನ ಆಸುಪಾಸಿನಲ್ಲಿತ್ತು. ಮಾನಕದ ಪ್ರಕಾರ 200 ಅಪೇಕ್ಷಿತ ಮಿತಿ; ಬೇರೆ ಮೂಲವಿಲ್ಲದಾಗ 600ರವರೆಗೆ ಸಹಿಸಬಹುದು. ಸಾಫ್ಟನರ್ 100 ಮಿಲಿಗ್ರಾಂ ಗಡಸುತನವನ್ನು ತೆಗೆದಾಗಲೆಲ್ಲ ನೀರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 400ರಿಂದ 40ಕ್ಕೆ ಇಳಿದರೆ ಸುಮಾರು 165 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಬಂದಂತಾಯಿತು. ನೀರಿನಲ್ಲಿ ಮೊದಲೇ ಇದ್ದ ಸುಮಾರು 50 ಮಿಲಿಗ್ರಾಂ ಕೂಡಿದರೆ ಒಟ್ಟು 215. ಇಲ್ಲಿ ಸೋಡಿಯಂನ ಒಟ್ಟು ಪ್ರಮಾಣಕ್ಕಿಂತ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳಿಗೆ ಹೋಲಿಸಿದಾಗ ಅದರ ಪಾಲೆಷ್ಟು ಎಂಬುದು ಮುಖ್ಯ. ನೀರಾವರಿ ತಜ್ಞರು ಇದನ್ನು ಸೋಡಿಯಂ ಹೀರಿಕೆ ಅನುಪಾತವೆಂಬ ಸಂಖ್ಯೆಯಿಂದ ಅಳೆಯುತ್ತಾರೆ. ಅದು 10ರೊಳಗಿದ್ದರೆ ನೀರು ಮಣ್ಣಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಈ ಲೆಕ್ಕದಲ್ಲಿ ಸಾಫ್ಟನರಿಗೆ ಮೊದಲು ಸುಮಾರು 1 ಇದ್ದ ಅನುಪಾತ, ದಾಟಿದ ಮೇಲೆ 15ರ ಹತ್ತಿರ ಬರುತ್ತದೆ.

ಸೋಡಿಯಂ ಹೆಚ್ಚಾದಾಗ ಕೆಮ್ಮಣ್ಣಿನ ಜೇಡಿಯ ಕಣಗಳು ಪರಸ್ಪರ ಹಿಡಿತ ಬಿಟ್ಟು ಚದುರಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ಹೆಪ್ಪುಗಟ್ಟುತ್ತದೆ, ನೀರು ಇಳಿಯುವುದಿಲ್ಲ, ಒಳಗೆ ಗಾಳಿ ಉಳಿಯುವುದಿಲ್ಲ. ನಾವು ಹಣ ಕೊಟ್ಟು ತಂದು ಹಾಕುವ ಉಪಕಾರಿ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಗಾಳಿಯನ್ನು ಬೇಡುವಂಥವು. ರೈಜೋಬಿಯಂ ಗಂಟಿಗೂ ಬೇರಿಗೂ ಆಮ್ಲಜನಕ ಬೇಕು. ಹುಳಿ ವಾಸನೆ ಬಂದದ್ದು ಈ ಉಸಿರುಗಟ್ಟುವಿಕೆಯಿಂದ. ಇದರ ಜೊತೆಗೆ ಸಾಫ್ಟನರ್ ಬೈಕಾರ್ಬೋನೇಟನ್ನು ಮುಟ್ಟುವುದಿಲ್ಲವಾದ್ದರಿಂದ, ಸೋಡಿಯಂ ಬೈಕಾರ್ಬೋನೇಟ್ ತುಂಬಿದ ನೀರು ದಿನವೂ ಚೀಲಕ್ಕೆ ಬಿದ್ದು ಮಣ್ಣಿನ ಕ್ಷಾರೀಯತೆ ಏರುತ್ತದೆ, ಕಬ್ಬಿಣಾಂಶ ಇದ್ದೂ ಗಿಡಕ್ಕೆ ದಕ್ಕದಂತಾಗುತ್ತದೆ. ಮೆಣಸಿನ ಹೊಸ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದದ್ದಕ್ಕೆ ಇದೇ ಕಾರಣ. ಬೀನ್ಸ್ ಉಪ್ಪನ್ನು ಸಹಿಸದ ಬೆಳೆ; ಅದರ ಎಲೆಯಂಚು ಮೊದಲು ಸುಡುವುದು ಸಹಜ. ಹೊಲದಲ್ಲಿ ಮಳೆಯು ಲವಣವನ್ನು ಆಳಕ್ಕೆ ತೊಳೆದು ಹಾಕುತ್ತದೆ. ಬೇಸಿಗೆಯ ತಾರಸಿಯಲ್ಲಿ, ನೀರು ಉಳಿಸುವ ಒತ್ತಡದಲ್ಲಿ ಚೀಲದಿಂದ ಹನಿಯೂ ಸೋರದಂತೆ ಅಳೆದು ಹಾಕುವಾಗ, ಬಂದ ಲವಣವೆಲ್ಲ ಚೀಲದಲ್ಲಿಯೇ ಉಳಿದು ದಿನದಿನಕ್ಕೂ ಸಾಂದ್ರವಾಗುತ್ತದೆ.

ಕಾರಣಗಳೆರಡನ್ನೂ ಬೇರ್ಪಡಿಸಲು ಆ ಕಟ್ಟಡದ ಕೊಳವೆ ವ್ಯವಸ್ಥೆಯೇ ಒಂದು ಅನುಕೂಲ ಒದಗಿಸಿತ್ತು. ಸಂಪಿನ ನೀರಿನಲ್ಲಿ ಕ್ಲೋರಿನ್ ಇತ್ತು, ಹೆಚ್ಚುವರಿ ಸೋಡಿಯಂ ಇರಲಿಲ್ಲ. ಫಿಲ್ಟರ್ ದಾಟಿದ ತಾರಸಿ ನೀರಿನಲ್ಲಿ ಸೋಡಿಯಂ ಇತ್ತು, ಕ್ಲೋರಿನ್ ಇರಲಿಲ್ಲ. ಹೊಸದಾಗಿ ಮಿಶ್ರಣ ತುಂಬಿಸಿದ ಒಂದೇ ಬಗೆಯ ಚೀಲಗಳಲ್ಲಿ ಅಲಸಂದೆ ಬಿತ್ತಿ, ಕೆಲವಕ್ಕೆ ಮೊದಲನೆಯ ನೀರನ್ನೂ ಉಳಿದವಕ್ಕೆ ಎರಡನೆಯದನ್ನೂ ಕೊಡಲಾಯಿತು. ಬಿಸಿಲು, ಗೊಬ್ಬರ, ನೀರಿನ ಪ್ರಮಾಣ ಎಲ್ಲವೂ ಒಂದೇ. ಸಂಪಿನ ನೀರು ಕುಡಿದ ಚೀಲಗಳ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ ಮೂಡಿತಾದರೂ ನೀರು ಸಲೀಸಾಗಿ ಇಳಿಯುತ್ತಿತ್ತು, ಗಿಡ ಹಸಿರಾಗಿತ್ತು, ಬೇರಿನ ಗಂಟುಗಳು ತಿಳಿಗೆಂಪಾಗಿದ್ದವು. ಫಿಲ್ಟರ್ ನೀರು ಕುಡಿದ ಚೀಲಗಳಲ್ಲಿ ಮೇಲ್ಮೈ ಹೆಪ್ಪುಗಟ್ಟಿ ಹಳೆಯ ಲಕ್ಷಣಗಳೇ ಮರುಕಳಿಸಿದವು. ಕ್ಲೋರಿನ್ ಇದ್ದ ನೀರಿನಲ್ಲಿ ರೈಜೋಬಿಯಂ ಬದುಕಿತು, ಕ್ಲೋರಿನ್ ಇಲ್ಲದ ನೀರಿನಲ್ಲಿ ಬದುಕಲಿಲ್ಲ. ಕೆಲವೇ ಚೀಲಗಳ ಈ ಹೋಲಿಕೆಯನ್ನು ಸಂಶೋಧನೆಯೆಂದು ಕರೆಯುವಂತಿಲ್ಲ, ಆದರೆ ಆ ತೋಟದ ಮಟ್ಟಿಗೆ ಮುಂದಿನ ಕ್ರಮವನ್ನು ನಿರ್ಧರಿಸಲು ಅದು ಸಾಕಾಗಿತ್ತು.

ಕೈಗೊಂಡ ಕ್ರಮಗಳು

ಆರ್‌ಓ ಯಂತ್ರದ ಪ್ರಸ್ತಾಪ ಬಂದಿತ್ತು. ಅದು ಸೋಡಿಯಂ ತೆಗೆಯುವುದು ನಿಜ. ಆದರೆ ಮೂರು ಲೀಟರಿನಲ್ಲಿ ಒಂದು ಲೀಟರ್ ಶುದ್ಧವಾಗಿ ಎರಡು ಲೀಟರ್ ಹೊರಹೋದರೆ, ಬರದ ವರ್ಷದಲ್ಲಿ ಅದನ್ನು ತೋಟಕ್ಕಾಗಿ ಸಮರ್ಥಿಸಿಕೊಳ್ಳಲಾಗದು. ಹೊರಹೋಗುವ ನೀರಿನಲ್ಲಿ ಲವಣ ಮೂಲಕ್ಕಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾಗಿರುತ್ತದೆಯಾದ್ದರಿಂದ, ಕೊಳವೆಬಾವಿ ನೀರಿನ ಮನೆಗಳಲ್ಲಿ ಆ ನೀರನ್ನು ಹಾಗೆಯೇ ಕುಂಡಕ್ಕೆ ಹಾಕುವುದೂ ಸರಿಯಲ್ಲ. ಕಟ್ಟಡದ ಎಸ್‌ಟಿಪಿಯ (ಕೊಳಚೆನೀರು ಸಂಸ್ಕರಣಾ ಘಟಕದ) ಸಂಸ್ಕರಿಸಿದ ನೀರನ್ನೂ ಪರಿಗಣಿಸಿ ಕೈಬಿಡಲಾಯಿತು, ಏಕೆಂದರೆ ಮನೆಗಳಲ್ಲಿ ಬಳಸಿದ ಸಾಫ್ಟನರ್ ನೀರೇ ಅಲ್ಲಿಗೂ ಹರಿದು ಹೋಗುತ್ತದೆ ಮತ್ತು ಸಂಸ್ಕರಣೆಯಲ್ಲಿ ಸೋಡಿಯಂ ಕಡಿಮೆಯಾಗುವುದಿಲ್ಲ.

ಸಂಘದ ಒಪ್ಪಿಗೆ ಪಡೆದು, ಸಾಫ್ಟನರಿಗೆ ಮೊದಲೇ ಕವಲೊಡೆಯುವ ಒಂದು ಕೊಳವೆಯನ್ನು ತಾರಸಿಗೆ ಎಳೆಯಲಾಯಿತು. ಗಡಸು ನೀರು ಆದರ್ಶವಲ್ಲ, ಆದರೆ ಅದರ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಪ್ರತಿ ಚೀಲದ ಮೇಲ್ಮಣ್ಣನ್ನು ಸಡಿಲಿಸಿ ಒಂದು ದೊಡ್ಡ ಚಮಚದಷ್ಟು ಜಿಪ್ಸಂ ಬೆರೆಸಲಾಯಿತು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂನ ಜಾಗವನ್ನು ಹಿಡಿದು ಅದನ್ನು ಬಿಡಿಸುತ್ತದೆ, ಬಿಡುಗಡೆಯಾದ ಸೋಡಿಯಂ ಹೊರಹೋಗಲು ಮಾತ್ರ ಧಾರಾಳವಾಗಿ ನೀರು ಹರಿಯಲೇಬೇಕು. ಆ ನೀರನ್ನು ಮಳೆಯೇ ಒದಗಿಸಿತು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು; ಜೂನ್ ತಿಂಗಳ ಒಂದು ದಿನದ ಮಳೆಗೆ ಅದು ದಾಖಲೆ. ಮೂವತ್ತು ಸೆಂಟಿಮೀಟರ್ ಅಗಲದ ಚೀಲದ ಬಾಯಿಗೆ ಬೀಳುವ ಲೆಕ್ಕದಲ್ಲಿ ಅದು ಸುಮಾರು ಎಂಟು ಲೀಟರ್ ನೀರು. ತಳದ ರಂಧ್ರಗಳು ಮುಚ್ಚಿಕೊಳ್ಳದಂತೆ ಮೊದಲೇ ನೋಡಿಕೊಂಡದ್ದರಿಂದ ಲವಣ ತೊಳೆದುಹೋಗಲು ಅಡ್ಡಿಯಾಗಲಿಲ್ಲ.

ಇದ್ದಿಲಿನ ಫಿಲ್ಟರನ್ನು ಎಸೆಯಲಿಲ್ಲ. ಅದಕ್ಕೆ ಯೋಗ್ಯವಾದ ಒಂದು ಕೆಲಸವಿತ್ತು. ಟ್ರೈಕೋಡರ್ಮ ಅಥವಾ ಸ್ಯೂಡೋಮೊನಾಸ್ ಪುಡಿಯನ್ನು ಲೀಟರಿಗೆ 5ರಿಂದ 10 ಗ್ರಾಂನಂತೆ ಸ್ವಚ್ಛವಾದ ಬಕೆಟ್ಟಿನಲ್ಲಿ ಬರಿಯ ನಲ್ಲಿ ನೀರಿಗೆ ಬೆರೆಸುವಾಗ, ಕ್ಲೋರಿನ್ನಿಗೆ ಎದುರಾಗುವುದು ಮಣ್ಣಲ್ಲ, ಆ ಜೀವಿಗಳೇ. ಬ್ಲೀಚಿಂಗ್ ಪೌಡರ್ ಹಾಕಿದ ದಿನ ಹೀಗೆ ಬೆರೆಸಿ ಗಂಟೆಗಟ್ಟಲೆ ಇಟ್ಟರೆ ನಷ್ಟ ಖಂಡಿತ. ಆದ್ದರಿಂದ ಫಿಲ್ಟರ್ ಈಗ ಈ ಬಕೆಟ್ಟಿನ ನೀರಿಗಷ್ಟೇ ಮೀಸಲು. ಹಿಂದಿನಂತೆ ತೋಟದ ನೀರೆಲ್ಲ ಅದರ ಮೂಲಕ ಹೋಗದ ಕಾರಣ ಕಾರ್ಟ್ರಿಜ್ ಕೂಡ ಬಹುಕಾಲ ಬಾಳುತ್ತದೆ. ಫಿಲ್ಟರ್ ಇಲ್ಲದವರಿಗೂ ದಾರಿಯಿದೆ. ಮೊದಲು ಒಂದೆರಡು ಹಿಡಿ ಎರೆಗೊಬ್ಬರವನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಪುಡಿಯನ್ನು ಸೇರಿಸಿದರೆ, ಕ್ಲೋರಿನ್ ಅಷ್ಟರಲ್ಲಿ ಗೊಬ್ಬರದಲ್ಲಿಯೇ ಕಳೆದುಹೋಗಿರುತ್ತದೆ. ವಿಟಮಿನ್ ಸಿ ಕೂಡ ಇದೇ ಕೆಲಸವನ್ನು ತಕ್ಷಣ ಮಾಡುತ್ತದೆ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಎರಡೂವರೆ ಮಿಲಿಗ್ರಾಂ ಸಾಕು. ಜೀವಾಮೃತದ ವಿಷಯದಲ್ಲಿ ಇಷ್ಟು ಎಚ್ಚರಿಕೆಯೂ ಬೇಕಿಲ್ಲ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋಗ್ರಾಂ ಸಗಣಿ ಬೀಳುವ ಆ ಮಿಶ್ರಣದಲ್ಲಿ ಸಗಣಿಯನ್ನೇ ಮೊದಲು ಕದಡಿದರೆ, ಬೆಲ್ಲ, ಹಿಟ್ಟು ಮತ್ತು ಒಂದು ಹಿಡಿ ಮಣ್ಣು ಸೇರುವ ಹೊತ್ತಿಗೆ ಕ್ಲೋರಿನ್ ಉಳಿದಿರುವುದಿಲ್ಲ.

ಆಗಸ್ಟ್ ಹೊತ್ತಿಗೆ ಮೆಣಸಿನ ಗಿಡಗಳ ಚಿಗುರು ಹಸಿರಾಗಿತ್ತು. ಎರಡನೆಯ ಬಾರಿ ಬಿತ್ತಿದ ಅಲಸಂದೆ ಕಾಯಿ ಬಿಟ್ಟಿತು. ತೀರಾ ಹೆಪ್ಪುಗಟ್ಟಿದ್ದ ಕೆಲವು ಚೀಲಗಳ ಮಣ್ಣನ್ನು ಉಳಿಸಿಕೊಳ್ಳಲಾಗದೆ, ಜಿಪ್ಸಂ ಬೆರೆಸಿ ನೆಲದ ಮೇಲಿನ ನುಗ್ಗೆಗಿಡದ ಪಾತಿಗೆ ಹಾಕಲಾಯಿತು. ಬೀಟ್‌ರೂಟ್ ಮತ್ತು ಪಾಲಕ್ ಸೋಡಿಯಂ ಅನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಬೆಳೆಗಳಾದ್ದರಿಂದ, ಬೇಸಿಗೆಯಲ್ಲಿ ಕೊಳವೆ ಮಾರ್ಗ ಕೈಕೊಟ್ಟರೆ ಬೀನ್ಸ್ ಬದಲು ಅವುಗಳನ್ನೇ ಬೆಳೆಯುವುದೆಂದು ಮನೆಯಾಕೆ ನಿರ್ಧರಿಸಿದ್ದಾರೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಹತ್ತು ಚದರ ಮೀಟರ್ ಶೀಟಿನ ಮೇಲೆ ಇಪ್ಪತ್ತು ಮಿಲಿಮೀಟರಿನ ಒಂದು ಮಳೆ ಬಂದರೂ ಇನ್ನೂರು ಲೀಟರ್ ನೀರು ಇಳಿಯುತ್ತದೆಂಬ ಲೆಕ್ಕ ಹಾಕಿ, ತಾರಸಿಯ ಮೆಟ್ಟಿಲ ಮಾಡಿಗೆ ದೋಣಿ ಕಟ್ಟಿಸಿ ಎರಡು ಡ್ರಮ್ಮುಗಳನ್ನು ಇಟ್ಟಿದ್ದಾರೆ. ಆ ನೀರು ಸಸಿಮಡಿಗೂ ಕರಿಬೇವಿಗೂ ಮೊದಲು ಹೋಗುತ್ತದೆ, ಮಿಕ್ಕದ್ದನ್ನು ಗಡಸು ನೀರಿನೊಡನೆ ಸಮಪಾಲು ಬೆರೆಸಿ ಉಳಿದ ಚೀಲಗಳಿಗೆ ಕೊಡಲಾಗುತ್ತಿದೆ.